ಚಿಕ್ಕಮ್ಮ ಶೂರಿಟಿ ಹಾಕಿದ್ದು

ನಮ್ಮ ಚಿಕ್ಕಮ್ಮ ಯಾರ ಮನೆಗೆ ಹೋದರೂ ಮೊದಲು ಮಾತಾಡಿಸುವುದು ಗೋಡೆಯನ್ನು! ಮನೆಯವರ ಸರದಿ ಆಮೇಲೆ. ರಾಜಾಜಿನಗರದ ಒಂದು ಗೃಹಸಾಲದ ಕಂಪನಿಯಲ್ಲಿ ಅವಳಿಗೆ ಕೆಲಸ. ಅರ್ಜಿ ಹಾಕಿದವರ ಮನೆಗೇ ಹೋಗಿ, ಮನೆ ಹೇಗಿದೆ, ಜನ ಹೇಗಿದ್ದಾರೆ, ಸಾಲ ಕೊಡಬಹುದೋ ಬೇಡವೋ ಎಂದು ನೋಡಿ ಬರಬೇಕು. ಕೆಲಸ ಸಂಜೆಗೆ ಮುಗಿಯುತ್ತದೆ; ಅಭ್ಯಾಸ ಮುಗಿಯಬೇಕಲ್ಲ?

ಕೆಂಗೇರಿ ಉಪನಗರದಲ್ಲಿ ಸೋದರಮಾವನ ಗೃಹಪ್ರವೇಶ. ಎಲ್ಲರೂ ಪಾಯಸಕ್ಕೆ ಕಾಯುತ್ತಿದ್ದರೆ ಇವಳು ಗೇಟಿನ ಎದುರು ನಿಂತು ಮನೆಯ ಫೋಟೊ ತೆಗೆದು, ಪಕ್ಕದ ಮನೆಯವರನ್ನು ಕರೆದು 'ಇವರು ಹೆಂಗೆ?' ಎಂದು ವಿಚಾರಿಸಿ, ಒಳಗೆ ಬಂದು ಹೊಸ ಗೋಡೆಯನ್ನು ಕುಟ್ಟಿ ಕಿವಿಗೊಟ್ಟಳು. ಮಾವ ಇವಳ ಸ್ವಂತ ಅಣ್ಣ, ಸ್ವಾಮಿ! ಊಟ ಮುಗಿಯುವವರೆಗೂ ಅವರ ಮುಖದಲ್ಲಿ ಕಳೆಯಿರಲಿಲ್ಲ.

ಯಾರಿಗೂ ಶೂರಿಟಿ ಹಾಕುವುದಿಲ್ಲ ಎಂಬುದು ಅವಳ ಇನ್ನೊಂದು ವ್ರತ. ಅದೇ ಅಣ್ಣ ಸಾಲಕ್ಕೆ ಶೂರಿಟಿ ಕೇಳಲು ಬಂದಾಗ ಊಟ ಹಾಕಿದಳು, ಕಾಫಿ ಕೊಟ್ಟಳು, ಸಹಿ ಮಾತ್ರ ಹಾಕಲಿಲ್ಲ. ಜನರನ್ನು ನೋಡಿ ನೋಡಿ ಸಾಕಾಗಿದೆಯಂತೆ.

ಇಂಥವಳ ಕೈಗೆ ನನ್ನ ಮದುವೆ ಸಿಕ್ಕಿತು! ನಾನು ಮೆಚ್ಚಿದ ಹುಡುಗನಿಗೆ ಲಗ್ಗೆರೆಯಲ್ಲಿ ಸಣ್ಣ ಲೇತ್ ವರ್ಕ್‌ಶಾಪ್. ಸ್ಯಾಲರಿ ಸ್ಲಿಪ್ ಇಲ್ಲ ಎಂಬುದೇ ಅಪ್ಪನ ತಕರಾರು. ಅವನು ನಮ್ಮ ಮನೆಗೆ ಬಂದ ದಿನ ಚಿಕ್ಕಮ್ಮ ಅವನನ್ನು ಎದುರಿಗೆ ಕೂರಿಸಿಕೊಂಡು, ಈ ವಿಳಾಸದಲ್ಲಿ ಎಷ್ಟು ವರ್ಷದಿಂದ ಇದ್ದೀರಿ, ಕರೆಂಟ್ ಮೀಟರ್ ಯಾರ ಹೆಸರಲ್ಲಿದೆ ಎಂದೆಲ್ಲ ಕೇಳಿ, ಕೊನೆಗೆ ಅಭ್ಯಾಸಬಲದಿಂದ "ಆಯ್ತು, ನಮ್ಮ ಕಡೆಯಿಂದ ಫೋನ್ ಬರುತ್ತೆ" ಎಂದು ಕಳಿಸಿಯೇಬಿಟ್ಟಳು. ನಾನು ಕೇಸರಿಬಾತಿನ ತಟ್ಟೆ ಹಿಡಿದು ಹೊರಗೆ ಬರುವಷ್ಟರಲ್ಲಿ ಅವನು ಬೈಕು ಹತ್ತಿದ್ದ.

ಮರುದಿನ ಗುಟ್ಟಾಗಿ ಲಗ್ಗೆರೆಗೂ ಹೋದಳು. ಗುಟ್ಟೆಲ್ಲಿ ಬಂತು! ಟೀ ಅಂಗಡಿ, ದಿನಸಿ ಅಂಗಡಿ ಎಲ್ಲ ಕಡೆ ಅವನ ಬಗ್ಗೆ ವಿಚಾರಿಸಿ, ವರ್ಕ್‌ಶಾಪಿನ ಗೋಡೆ ಕುಟ್ಟುತ್ತಿದ್ದಾಗ ಅವನ ಕೈಗೇ ಸಿಕ್ಕಿಬಿದ್ದಳು. ಅವನು ಸ್ಟೂಲ್ ಒರೆಸಿ ಕೂರಿಸಿ, "ಹಿಂದಿನ ಗೋಡೆ ಸ್ವಲ್ಪ ವೀಕು ಆಂಟಿ, ಮಳೆ ಬಂದ್ರೆ ನೀರಿಳಿಯುತ್ತೆ. ಅದನ್ನೂ ನೋಡ್ಬಿಡಿ" ಎಂದನಂತೆ.

ಭಾನುವಾರ ಅಪ್ಪ ತೀರ್ಮಾನ ಹೇಳಲು ಮಾವನನ್ನೂ ಕರೆಸಿ ಎಲ್ಲರನ್ನೂ ಕೂರಿಸಿದರು. ಸ್ಲಿಪ್ಪೇ ಇಲ್ಲದವನನ್ನು ಯಾವ ಧೈರ್ಯದ ಮೇಲೆ ನಂಬುವುದು ಎಂದರು.

ಚಿಕ್ಕಮ್ಮ ಕಾಫಿ ಲೋಟ ಕೆಳಗಿಟ್ಟಳು.

"ಎಷ್ಟೋ ಮನೆ ನೋಡಿದೀನಿ ಭಾವ. ಗೋಡೆ ಬಿರುಕು ಬಿಟ್ರೆ ಅದರ ಮೇಲೆ ಕ್ಯಾಲೆಂಡರ್ ನೇತು ಹಾಕೋರೇ ಎಲ್ಲ. ಕೆಟ್ಟಿರೋ ಗೋಡೆನ ತಾನಾಗೇ ತೋರಿಸಿದೋನು ಇವನೊಬ್ಬನೇ. ಶೂರಿಟಿ ನಾನು ಹಾಕ್ತೀನಿ."

ಮಾವ ಬಾಯಿಗಿಟ್ಟ ನಿಪ್ಪಟ್ಟನ್ನು ಕಡಿಯುವುದನ್ನೇ ಮರೆತರು. ಅಪ್ಪ ಮತ್ತೆ ಆ ಸ್ಲಿಪ್ಪಿನ ಸುದ್ದಿ ಎತ್ತಲಿಲ್ಲ.

ಈಗ ನಮ್ಮ ಮನೆ ಲಗ್ಗೆರೆಯಲ್ಲೇ. ಚಿಕ್ಕಮ್ಮ ಆಗಾಗ ಬರುತ್ತಾಳೆ. ಗೇಟಿನಲ್ಲಿ ನಿಂತು ಫೋಟೊ ತೆಗೆಯುವುದಿಲ್ಲ, ಗೋಡೆಯ ಕಡೆ ತಿರುಗಿಯೂ ನೋಡುವುದಿಲ್ಲ. ನೇರ ಒಳಗೆ ಬಂದು ನನ್ನ ಕೆನ್ನೆ ಮುಟ್ಟಿ, "ಹೆಂಗಿದೀಯೇ?" ಎನ್ನುತ್ತಾಳೆ.