ಐವತ್ತೆಂಟನೆಯ ಫೈಲು

ಕಾರಣ ಬರೆಯದೆ ನಮ್ಮಣ್ಣ ಉಪ್ಪಿನ ಡಬ್ಬಿಯನ್ನೂ ಸರಿಸಿದವನಲ್ಲ. ಎಲ್ಲವೂ ಎಂದಿನಂತಿದ್ದ ಕೊನೆಯ ಬೆಳಿಗ್ಗೆ ಆ ಡಬ್ಬಿಯ ಮೇಲೆ ಅವನ ಚೀಟಿ ಇತ್ತು: ‘ಮೇಲಿನ ಗೂಡಿಗೆ. ಕಾರಣ: ಇರುವೆ. ವಾಪಸ್: ಒಲೆಯ ಪಕ್ಕ.’

ಅವ್ವ ಓದಿ ಕೇಳಿದಳು, “ಪಲ್ಯಾಕ್ಕ ಉಪ್ಪು ಹೆಚ್ಚಾಗ್ಯಾದ. ಇದಕ್ಕ ವಾಪಸ್ ದಾರಿ ಎಲ್ಲದ ತಮ್ಮಾ?”

“ಮೊಸರು ಹಾಕಬೇ ಅವ್ವ.”

ಆಳಂದ, ಅಫಜಲಪುರ, ಜೇವರ್ಗಿಯಲ್ಲಿ ಒಂದೊಂದು ಶಾಖೆಯಿರುವ ರಕ್ತ ಪರೀಕ್ಷೆಯ ಲ್ಯಾಬಿನ ಕಂಪ್ಯೂಟರುಗಳನ್ನು ಅವನೇ ನೋಡಿಕೊಳ್ಳುತ್ತಿದ್ದ. ಜೇವರ್ಗಿಯಲ್ಲಿ ರೋಗಿಗಳ ಹೆಸರು ಬರೆದುಕೊಳ್ಳುವವಳು ನಾನು. ಡೇಟಾಬೇಸಿಗೆ ಒಂದು ಕಾಲಂ ಸೇರಿಸಬೇಕೆಂದರೂ ಅದನ್ನು ನಂಬರು ಹಾಕಿದ ಫೈಲಿನಲ್ಲಿ ಬರೆದು, ಕಾರಣ ಸಮೇತ, ಪ್ರತಿ ಬದಲಾವಣೆಯ ಲೆಕ್ಕ ಇಡುವ ಗಿಟ್‌ಗೆ ಸೇರಿಸಬೇಕು. ಮೂರೂ ಊರು ಅಲ್ಲಿಂದಲೇ ಇಳಿಸಿಕೊಳ್ಳಬೇಕು. ಅಫಜಲಪುರದ ಆಪರೇಟರ್ ಒಮ್ಮೆ ನೇರವಾಗಿ ಕೈಹಾಕಿ ಅಣ್ಣನ ಕೈಗೆ ಸಿಕ್ಕಿಬಿದ್ದ.

“ಲೇ, ಮೂರು ಊರಾಗ ಮೂರು ನಮೂನಿ ಆದ್ರ, ಯಾವುದು ಖರೇ ಅಂತ ಯಾರಿಗೆ ಕೇಳ್ತಿ?”

“ನಿಮಗೇ ಕೇಳ್ತೇನ್ರಿ.”

“ನಾ ಇರಲಿಲ್ಲಂದ್ರ?”

ಆ ಬೆಳಿಗ್ಗೆ ಅವನು ನನ್ನನ್ನು ಕೇಳಿದ, “ಆಳಂದಕ್ಕ ಬರ್ತಿ ಏನ್ ತಂಗಿ? ಅಲ್ಲಿ ಕೆಲಸಾನೂ ಅದ, ನನ್ನ ರಕ್ತಾನೂ ತಪಾಸ್ ಮಾಡಿಸ್ಬೇಕು.”

“ಸೂಜಿಗೆ ಅಂಜಾಕತ್ತಿ ಏನು?” ಎಂದು ನಕ್ಕು ಜೇವರ್ಗಿಯ ಬಸ್ಸು ಹತ್ತಿದೆ. ಮರುದಿನ ಅವನ ಎದೆಬಡಿತ ನಿಂತಿತು.

ಮೂರು ತಿಂಗಳ ಮೇಲೆ ಜೇವರ್ಗಿಯ ಕಂಪ್ಯೂಟರ್ ಸುಟ್ಟಿತು. ಹೊಸದರಲ್ಲಿ ಡೇಟಾಬೇಸ್ ಮತ್ತೆ ಕಟ್ಟಲು ಅವನ ಫೈಲುಗಳನ್ನು ಒಂದನೆಯದರಿಂದ ಓಡಿಸಿದೆ. ಊಟದ ಹೊತ್ತು, ಲ್ಯಾಬು ಖಾಲಿ. ಪರದೆಯ ಮೇಲೆ ಅವನ ಹೆಸರು, ಅವನ ಕಾರಣ, ಒಂದರ ಹಿಂದೆ ಒಂದು. ಸತ್ತವನು ಬಂದು ಮೊದಲಿನಿಂದ ಕೆಲಸಕ್ಕೆ ಕೂತಂತೆ. ‘ಹನ್ನೆರಡು: ವಯಸ್ಸು ತೆಗೆದು ಹುಟ್ಟಿದ ವರ್ಷ. ಕಾರಣ: ಅಜ್ಜಿಯರು ವರ್ಷಾ ವರ್ಷಾ ಸಣ್ಣವರಾಗಾಕತ್ತಾರ.’ ನಗು ಬಂತು. ಯಾರೋ ಜೊತೆಗೆ ನಕ್ಕಂತಾಗಿ ಹಿಂದೆ ತಿರುಗಿದೆ. ಕುರ್ಚಿ ಇತ್ತು, ಅಷ್ಟೇ.

ಐವತ್ತೇಳಕ್ಕೆ ಅವನ ಫೈಲುಗಳು ಮುಗಿದವು. ನಮ್ಮ ರೋಗಿಗಳ ದಾಖಲೆಗಳಿಗೆ ಉಳಿದದ್ದು ಆಳಂದದಲ್ಲಿದ್ದ, ಮೂರೂ ಶಾಖೆಯವು ಸೇರಿದ ನಕಲು ಒಂದೇ. ತಂದು ತುಂಬಲು ಹೋದರೆ ಹೊಂದಲೊಲ್ಲದು. ಆಳಂದದಲ್ಲಿ ಒಂದು ಕಾಲಂ ಹೆಚ್ಚಿತ್ತು: ‘ಜೊತೆಗೆ ಬಂದವರು’. ಅದಕ್ಕೆ ಫೈಲೇ ಇರಲಿಲ್ಲ.

ಆಳಂದಕ್ಕೆ ಫೋನು ಮಾಡಿದೆ. ಅಲ್ಲಿನ ಆಪರೇಟರ್ ಅಳುಕುತ್ತ ಹೇಳಿದ, “ಅಣ್ಣಾರೇ ಕೈಯಿಂದ ಸೇರಿಸಿದ್ರಿ ಅಕ್ಕಾರ, ರಕ್ತ ಕೊಟ್ಟ ದಿನ. ‘ಫೈಲ್ ನಾಳಿ ಬರೀತೇನಿ’ ಅಂದ್ರು.”

ಜೀವಮಾನದಲ್ಲಿ ಒಮ್ಮೆ ನಿಯಮ ಮುರಿದಿದ್ದ! ಸಾವಿರಾರು ಸಾಲುಗಳಲ್ಲಿ ಆ ಕಾಲಂ ತುಂಬಿದ್ದು ಒಂದೇ ಸಾಲಿನಲ್ಲಿ. ರೋಗಿಯ ಹೆಸರು ಅವನದು. ಜೊತೆಗೆ ಬಂದವರು ಎಂಬಲ್ಲಿ ನನ್ನ ಹೆಸರು.

ಐವತ್ತೆಂಟನೆಯ ಫೈಲು ನಾನು ಬರೆದೆ. ದಾಖಲೆಗಳೆಲ್ಲ ಬಂದು ಕೂತವು. ಕಾರಣದ ಸಾಲು ಇನ್ನೂ ಖಾಲಿ ಇದೆ.