ಒಣಗುವ ಕಾರು ಮತ್ತು ಊರ ಮಂದಿಯ ಬೆರಳು

ನನ್ನ ಅಂಗಡಿಯಲ್ಲಿ ನನಗೆ ಸಿಟ್ಟು ಬರದ ದಿನ ಯಾವುದು ಎಂದರೆ, ಅಂಗಡಿ ಬಾಗಿಲು ತೆರೆಯದ ದಿನ. ತೆರೆದರೆ ಸಾಕು, ಯಾರಾದರೊಬ್ಬರು ಬಂದು ಏನಾದರೊಂದು ಮಾಡಿಯೇ ಹೋಗುತ್ತಾರೆ.

ಸಿಂಧನೂರಿನಲ್ಲಿ ಕಾರುಗಳಿಗೆ ಸೆರಾಮಿಕ್ ಕೋಟಿಂಗ್ ಮಾಡುವುದು ನನ್ನ ಕಸುಬು. ಕಾರಿನ ಬಣ್ಣದ ಮೇಲೆ ತೆಳ್ಳಗೆ ಒಂದು ದ್ರವ ಹಚ್ಚುತ್ತೇನೆ. ಅದು ಗಾಜಿನಂತೆ ಗಟ್ಟಿಯಾಗಿ, ಕೆಸರು ನೀರು ಕಾರಿಗೆ ಅಂಟದಂತೆ ಕಾಯುತ್ತದೆ. ತಾನಾಗಿ ಒಣಗಲಿ ಎಂದು ಬಿಟ್ಟರೆ ದಿನಗಟ್ಟಲೆ ಬೇಕು. ಅಷ್ಟು ದಿನ ಬಿಡಲು ನಮ್ಮೂರಿನ ಗಾಳಿ ಕೇಳಬೇಕಲ್ಲ? ಸುತ್ತ ರೈಸ್ ಮಿಲ್ಲುಗಳು. ಹೊಟ್ಟಿನ ಬೂದಿ ಹಾರಿ ಬಂದು, ಎಲ್ಲಿ ಹಸಿ ಇದೆಯೋ ಅಲ್ಲೇ ಕೂರುತ್ತದೆ. ಅದಕ್ಕೇ ಸ್ಟ್ಯಾಂಡಿನ ಮೇಲೆ ನಿಲ್ಲುವ ದೊಡ್ಡದೊಂದು ಕಾವಿನ ದೀಪ ತರಿಸಿದ್ದೇನೆ. ಕೆಂಪಗೆ ಉರಿಯುತ್ತದೆ, ಕೋಟಿಂಗನ್ನು ಬೇಗ ಗಟ್ಟಿ ಮಾಡುತ್ತದೆ.

ಮೊದಲು ನಾನು ಟ್ರ್ಯಾಕ್ಟರಿನ ಟ್ರೇಲರ್‌ಗಳಿಗೆ ಬಣ್ಣ ಹೊಡೆಯುತ್ತಿದ್ದೆ. ಅದನ್ನು ಬಿಟ್ಟು ಇದಕ್ಕಿಳಿದಾಗ ಊರೆಲ್ಲ ನಕ್ಕಿತು. ಮಿಲ್ಲಿನ ಸಾಹುಕಾರರಲ್ಲಿ ಒಬ್ಬರಾದರೂ ಮೆಚ್ಚಿದರೆ ಅಂಗಡಿ ನಿಲ್ಲುತ್ತದೆ, ಇಲ್ಲದಿದ್ದರೆ ನಾನು ಮತ್ತೆ ಟ್ರೇಲರ್‌ಗೆ. ಇದು ಊರಿಗೆಲ್ಲ ಗೊತ್ತು. ಗೊತ್ತಿದ್ದೂ ನನ್ನನ್ನು ಹೇಗೆ ಗೋಳು ಹೊಯ್ದುಕೊಂಡರು, ನೀವೇ ಕೇಳಿ.

೧. ಹೆಬ್ಬೆರಳಿನ ಉಗುರು

ನಮ್ಮ ಕಡೆ ಭತ್ತ ಒಣಗಿದೆಯೇ ಎಂದು ಹೇಳುವ ಯಂತ್ರವಿದ್ದರೂ ಅದರ ಮಾತನ್ನು ಯಾರೂ ನಂಬುವುದಿಲ್ಲ. ಕಾಳನ್ನು ಹಲ್ಲಿಗೆ ಕೊಟ್ಟು ಕಡಿಯಬೇಕು, ಉಗುರಿನಿಂದ ಒತ್ತಬೇಕು. ಈ ಚಟ ಈಗ ಕಾರಿನ ತನಕ ಬಂದಿದೆ.

"ಮುಟ್ಟಬೇಡಿ" ಎಂದು ದೊಡ್ಡ ಅಕ್ಷರದಲ್ಲಿ ಬೋರ್ಡು ಬರೆಸಿ ತೂಗುಹಾಕಿದ್ದೇನೆ. ಒಬ್ಬ ಭತ್ತದ ವ್ಯಾಪಾರಿ ಕೆಲಸವಿಲ್ಲದೆ ಒಳಗೆ ಬಂದರು. ಬೋರ್ಡನ್ನು ಗಟ್ಟಿಯಾಗಿ ಓದಿದರು. ಓದಿ ಮುಗಿಸಿ, ಆಗಷ್ಟೇ ಕೋಟಿಂಗ್ ಹಚ್ಚಿದ ಬಾನೆಟ್ಟಿಗೆ ಹೆಬ್ಬೆರಳಿನ ಉಗುರು ಊರಿದರು.

ನನಗೆ ಮೈಯೆಲ್ಲ ಉರಿಯಿತು. "ಯಾಕ್ರಿ ಮುಟ್ಟಿದ್ರಿ?"

"ಹಸಿ ಐತಿ," ಎಂದರು.

"ಹಸಿ ಐತಂತನ ಮುಟ್ಟಬ್ಯಾಡ್ರಿ ಅಂತ ಬರಸೀನಿ."

"ನೀವು ಬರಸೀರಿ, ಖರೇ. ನಾ ಖಾತ್ರಿ ಮಾಡ್ಕೋಬೇಕಲ್ರಿ."

ಬಾನೆಟ್ಟನ್ನು ಮತ್ತೆ ಉಜ್ಜಿ, ಮತ್ತೆ ಹಚ್ಚಿ, ಮತ್ತೆ ದೀಪ ಇಟ್ಟೆ. ನಾಚಿಕೊಂಡು ಹೋಗುತ್ತಾರೆ ಎಂದುಕೊಂಡರೆ, ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು. ನಾನು ದೀಪ ಆರಿಸಿದ ಕೂಡಲೇ ಎದ್ದು ಬಂದು, ಉಗುರು ಮುಂದೆ ಮಾಡಿ ಕೇಳಿದರು: "ಈಗ ಒಮ್ಮೆ ನೋಡ್ಲೇನ್ರಿ?"

೨. ಸೊಂಟ

ಗೊರೇಬಾಳದ ಒಬ್ಬ ಮುದುಕರು ನನ್ನ ಟ್ರೇಲರ್ ಕಾಲದ ಗಿರಾಕಿ. ಸೊಂಟನೋವಿಗೆ ದವಾಖಾನೆಯಲ್ಲಿ ಕೆಂಪು ದೀಪದ ಕಾವು ಕೊಡಿಸಿಕೊಂಡು ಬಂದವರು. ಒಂದು ದಿನ ಬಸ್ಸು ತಪ್ಪಿತೆಂದು ಅಂಗಡಿಗೆ ಬಂದರು. ನಾನು ಬಟ್ಟೆ ತರಲು ಒಳಗೆ ಹೋಗಿ ಬರುವಷ್ಟರಲ್ಲಿ, ದೀಪಕ್ಕೂ ಕಾರಿನ ಬಾಗಿಲಿಗೂ ನಡುವೆ ನಿಂತು, ಅಂಗಿ ಎತ್ತಿ, ಬೆನ್ನು ಕಾಯಿಸುತ್ತಿದ್ದರು.

"ಯಜಮಾನ್ರ, ಅತ್ತಾಗ ಸರೀರಿ. ಕಾರಿಗೆ ಕಾವು ತಾಕವಲ್ದು."

"ಅದಕ್ಕೇನು ಸೊಂಟ ಐತೇನೋ?" ಎಂದರು, ಕಣ್ಣು ಮುಚ್ಚಿಕೊಂಡೇ.

ಅಷ್ಟರಲ್ಲಿ ಕಾರಿನ ಮಾಲೀಕರೇ ಬಂದರು. ಲಿಂಗಸುಗೂರಿನ ಹೆಡ್‌ಮಾಸ್ತರು, ಭಾರೀ ಶಿಸ್ತಿನವರು. ಬೈಯುವ ಕೆಲಸ ಅವರೇ ಮಾಡಲಿ ಎಂದು ನಾನು ಬಾಯಿ ಮುಚ್ಚಿಕೊಂಡೆ. ಅವರು ದೀಪ ನೋಡಿದರು, ಬೆನ್ನು ನೋಡಿದರು.

"ಇದು ಮೊಣಕಾಲಿಗೂ ನಡೀತದೇನ್ರಿ?" ಎಂದು ನನ್ನನ್ನು ಕೇಳಿದರು.

"ಸರ, ಇದು ನಿಮ್ಮ ಕಾರಿಗೆ ಇಟ್ಟಿದ್ದು."

"ಹೌದಲ್ಲ," ಎಂದು ಹೆಡ್‌ಮಾಸ್ತರು ಪ್ಯಾಂಟಿನ ಕಾಲು ಮೇಲೆ ಮಡಿಸುತ್ತ ಮುದುಕರ ಕಡೆ ತಿರುಗಿದರು. "ಸರೀರಿ ಯಜಮಾನ್ರ. ಕಾರು ನಂದು, ಮೊದಲ ಪಾಳಿ ನಂದ."

೩. ಘಾಟು

ಹೊರಗಿನವರನ್ನು ಬೈದು ಏನು ಫಲ? ನನ್ನ ಮನೆ ಅಂಗಡಿಯ ಹಿಂದೆಯೇ ಇದೆ. ಮಾಳಿಗೆ ಮೇಲೆ ಏನು ಒಣಹಾಕಿದರೂ ಮಿಲ್ಲಿನ ಬೂದಿ ಬೀಳುತ್ತದೆ ಎಂದು ನನ್ನ ಹೆಂಡತಿಯ ತಕರಾರು. ಒಂದು ಮಧ್ಯಾಹ್ನ, ಮಜ್ಜಿಗೆಯಲ್ಲಿ ನೆನೆಸಿದ ಬಾಳಕದ ಮೆಣಸಿನಕಾಯಿಯ ಪರಾತವನ್ನು ತಂದು ದೀಪದ ಮುಂದೆ ಸ್ಟೂಲಿನ ಮೇಲೆ ಇಟ್ಟುಬಿಟ್ಟಿದ್ದಳು. ನಾನು ನೋಡುವಷ್ಟರಲ್ಲಿ ಮೆಣಸಿನಕಾಯಿ ಒಣಗುವುದು ಮುಗಿದು, ಸುಡುವುದು ಶುರುವಾಗಿತ್ತು.

ಸರಿಯಾಗಿ ಆಗಲೇ ಕಾರಿನವರು ಬರಬೇಕೇ? ಬಳಗಾನೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟವರು. ಒಳಗೆ ಕಾಲಿಟ್ಟವರೇ ಕೆಮ್ಮಿದರು, ಸೀನಿದರು, ಕಣ್ಣೊರೆಸಿಕೊಂಡರು. "ಏನ್ರಿ ಇದು?"

ನಾನು ಕೆಮ್ಮುತ್ತಲೇ ದೀಪ ಆರಿಸಲು ಓಡಿದೆ. ನನ್ನ ಹೆಂಡತಿ ಮುಂದೆ ಬಂದಳು.

"ಕಾರಿನ ದೃಷ್ಟಿ ತಗದೀವ್ರಿ ಅಣ್ಣಾರ. ಘಾಟು ಬಂತಲ್ರಿ? ಅಂದ್ರ ನಿಮ್ಮ ಕಾರಿಗೆ ಯಾರ ಕಣ್ಣೂ ಬಿದ್ದಿಲ್ಲ."

ಅವರ ಮುಖ ಅರಳಿತು. ನಾನು ಬೆನ್ನು ಮುರಿದು ಮಾಡಿದ ಕೋಟಿಂಗಿನ ಕಡೆ ಒಮ್ಮೆ ಕೂಡ ನೋಡಲಿಲ್ಲ. ಹೋಗುವಾಗ ನನ್ನ ಹೆಂಡತಿಗೇ ಹೇಳಿದರು: "ನಾಳಿ ನಮ್ಮ ಹಳೀ ಜೀಪು ಕಳಸ್ತೀನ್ರಿ ತಂಗಿ. ಅದಕ್ಕ ಕೋಟಿಂಗ್ ಬ್ಯಾಡ, ಮೆಣಸಿನಕಾಯಿ ಅಷ್ಟ ಸಾಕು."

೪. ಮೂರು ಬೆರಳು

ಕಡೆಗೂ ಒಬ್ಬ ಮಿಲ್ಲಿನ ಸಾಹುಕಾರರು ತಮ್ಮ ಹೊಸ ಕಪ್ಪು ಕಾರು ತಂದು ನಿಲ್ಲಿಸಿದರು.

"ಸೋಮವಾರ ಸಂಜಿಗೆ ಲಿಂಗಸುಗೂರಾಗ ಬೀಗರ ಮದವಿ ಐತಿ. ಮಿಲ್ಲಿನವ್ರೆಲ್ಲ ಅಲ್ಲಿಗೆ ಬರ್ತಾರ. ಚೊಲೋ ಮಾಡಿದ್ರ ನಿನ್ನ ಹೆಸರು ಹೇಳ್ತೀನಿ. ಕೆಡಸಿದ್ರ ಅದನ್ನೂ ಹೇಳ್ತೀನಿ."

ಊಟ ನಿದ್ದೆ ಬಿಟ್ಟು ಆ ಕಾರನ್ನು ಉಜ್ಜಿದೆ. ಸೋಮವಾರ ಬೆಳಿಗ್ಗೆ ಉಳಿದದ್ದು ಬಾನೆಟ್ ಒಂದೇ. ಕೋಟಿಂಗ್ ಹಚ್ಚಿ, ಮುಂದೆ ದೀಪ ನಿಲ್ಲಿಸಿ, ಹಿಂಬದಿಯ ಬಂಪರ್ ಒರೆಸಲು ಹೋಗಿ ಕೂತೆ. ಯಾರಾದರೂ ಬಂದರೆ ಚಪ್ಪಲಿ ಸಪ್ಪಳ ಕೇಳಿಯೇ ಕೇಳುತ್ತದೆ ಎಂಬ ಧೈರ್ಯ.

ಸಾಹುಕಾರರ ತಾಯಿ ಬರಿಗಾಲಲ್ಲಿ ಬಂದರು. ಸೋಮವಾರ ಅವರು ಗುಡಿಗೆ ಹಾಗೆಯೇ ನಡೆದು ಹೋಗುವುದು. ಬರುವ ದಾರಿಯಲ್ಲಿ ಮಗನ ಕಾರು ನೋಡೋಣವೆಂದು ಒಳಗೆ ಹೊಕ್ಕಿದ್ದಾರೆ. ನೋಡಿದರೆ ಹೊಸ ಕಾರು, ಹಣೆಯೆಲ್ಲ ಬೋಳು. ಮನೆಗೆ ಹೊಸ ಕೊಡ ತಂದರೂ ವಿಭೂತಿ ಹಚ್ಚದೆ ನೀರು ತುಂಬುವವರಲ್ಲ ಅವರು. ಸೆರಗಿನ ಗಂಟು ಬಿಚ್ಚಿ ವಿಭೂತಿ ಗಟ್ಟಿ ತೆಗೆದು, ನೀರು ಹನಿಸಿ ತೇದು, ಬಾನೆಟ್ಟಿನ ನಟ್ಟನಡುವೆ ಮೂರು ಬೆರಳು ಎಳೆದರು. ಆಮೇಲೆ ಕೈಮುಗಿದು, ಬಾಗಿಲಿನ ಬೆಂಚಿನ ಮೇಲೆ ಮಗನ ದಾರಿ ಕಾಯುತ್ತ ಕೂತರು. ದೀಪ ತನ್ನ ಪಾಡಿಗೆ ತಾನು ಕಾವು ಕೊಟ್ಟಿತು.

ನಾನು ಎದ್ದು ಮುಂದೆ ಬಂದು ನೋಡಿದೆ. ಕಪ್ಪು ಬಾನೆಟ್ಟಿನ ನಡುವೆ ಮೂರು ಬಿಳಿ ಗೆರೆ.

"ಅಮ್ಮಾರ, ಏನು ಮಾಡಿದ್ರಿ ಇದು?"

"ನೀ ಮರ್ತಿದ್ದೆಪಾ. ನಾ ಹಚ್ಚಿದೆ."

ಬಟ್ಟೆಯಿಂದ ತಿಕ್ಕಿದೆ, ಹೋಗಲಿಲ್ಲ. ನೀರು ಸುರಿದೆ. ನೀರು ಹನಿಹನಿಯಾಗಿ ಉರುಳಿ ಹೋಯಿತು, ವಿಭೂತಿ ಅಲ್ಲೇ ಇತ್ತು. ಅಂಥ ಒಳ್ಳೆಯ ಕೋಟಿಂಗ್ ನಾನು ಜನ್ಮದಲ್ಲಿ ಮಾಡಿರಲಿಲ್ಲ. ತೆಗೆಯಬೇಕೆಂದರೆ ಬಾನೆಟ್ಟನ್ನೇ ಮಷೀನಿನಲ್ಲಿ ಉಜ್ಜಿ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಅದಕ್ಕೆ ಹೊತ್ತೆಲ್ಲಿದೆ?

ಸಾಹುಕಾರರು ಬಂದರು. ನನ್ನ ಕಣ್ಣ ಮುಂದೆ ಟ್ರೇಲರ್‌ಗಳು ಸಾಲಾಗಿ ನಿಂತವು. ಅವರು ಟವೆಲ್ಲಿನಿಂದ ಒರೆಸಿ ನೋಡಿದರು. ಉಗುರಿನಿಂದ ಕೆರೆದರು. ಆಮೇಲೆ ಸಾವಕಾಶ ಚಪ್ಪಲಿ ಬಿಟ್ಟರು. ಹೊಡೆಯಲಿಕ್ಕೇ ಎಂದುಕೊಂಡು ನಾನು ಹಿಂದೆ ಸರಿದೆ. ಅವರು ಬಾನೆಟ್ಟಿಗೆ ಕೈಮುಗಿದರು.

"ಯವ್ವಾ, ಹೋಗವಲ್ದು."

"ಹ್ಯಾಂಗ ಹೋಗ್ತದ? ಭಕ್ತಿಲಿಂದ ಹಚ್ಚೀನಿ."

"ಭಕ್ತಿ ಅಲ್ರಿ ಸಾವ್ಕಾರ್ರ," ಎಂದೆ, ತಡೆಯಲಾರದೆ. "ಕೋಟಿಂಗ್ ಹಸಿ ಇತ್ತು, ದೀಪದ ಕಾವಿಗೆ ಅದರ ಜೋಡಿ ವಿಭೂತಿನೂ ಗಟ್ಟಿ ಆಗೈತಿ."

"ನೀ ಸುಮ್ಕಿರಪಾ," ಎಂದರು ತಾಯಿ ಮಗ ಇಬ್ಬರೂ.

ಲಿಂಗಸುಗೂರಿನ ಮದುವೆಯಲ್ಲಿ ಮಂದಿ ಮದುಮಗನಿಗಿಂತ ಹೆಚ್ಚು ಆ ಬಾನೆಟ್ಟನ್ನು ನೋಡಿದರಂತೆ. ಮುಂದಿನ ಸೋಮವಾರದಿಂದ ನನ್ನ ಅಂಗಡಿ ಮುಂದೆ ಕಾರುಗಳ ಸಾಲು. ಮಿಲ್ಲಿನವರೆಲ್ಲ ಬಂದರು. ಅಂಗಡಿ ನಿಂತಿತು, ಸುಳ್ಳು ಯಾಕೆ ಹೇಳಲಿ? ಆದರೆ ಒಬ್ಬನಾದರೂ ಹೊಳಪಿನ ಮಾತೆತ್ತಬೇಕಲ್ಲ? ಸೋಮವಾರ ಬಂದರೆ ಫ್ಯಾನಿನ ಕೆಳಗೆ ಕುರ್ಚಿಯಲ್ಲಿ ಅಮ್ಮಾರು ಕೂರುತ್ತಾರೆ, ಹಸಿ ಬಾನೆಟ್ಟಿಗೆ ಮೂರು ಬೆರಳು ಎಳೆಯುತ್ತಾರೆ, ನಾನು ದೀಪ ಹಿಡಿದು ನಿಲ್ಲುತ್ತೇನೆ. ಬಂದವರೆಲ್ಲ ಅವರ ಕಾಲಿಗೆ ಬೀಳುತ್ತಾರೆ. ನನಗೆ ನೀರು ತರಲು ಹೇಳುತ್ತಾರೆ.

ಮೊನ್ನೆ ಮಸ್ಕಿಯಿಂದ ಫೋನ್ ಬಂತು.

"ಕೋಟಿಂಗ್ ಅಂಗಡಿ ಏನ್ರಿ?"

"ಹೌದ್ರಿ, ಮಾಲೀಕನ ಮಾತಾಡಾಕತ್ತೀನಿ."

"ಬರೋ ಸೋಮವಾರ ಅಮ್ಮಾರು ಇರ್ತಾರೇನ್ರಿ?"

"ಅಮ್ಮಾರು ಊರಾಗ ಇಲ್ರಿ. ನಾ ಇರ್ತೀನಿ, ಬರ್ರಿ."

ಆ ಕಡೆಯವರು ಪಕ್ಕದವರನ್ನು ಏನೋ ಕೇಳಿ, ಮತ್ತೆ ಫೋನಿಗೆ ಬಂದರು.

"ಹಂಗಾದ್ರ ಅಮ್ಮಾರು ಬಂದ ಮ್ಯಾಲ ಬರ್ತೀವಿ ಬಿಡ್ರಿ. ಅವತ್ತು ನೀವಿಲ್ಲಂದ್ರೂ ನಡೀತದ."