ಮ್ಯಾಪಿನ ಚುಕ್ಕೆಯಲ್ಲಿ ಮಾಮಿ

ಊರಿಗೆಲ್ಲ ಬುದ್ಧಿ ಹೇಳುವವರಿಗೆ ಬುದ್ಧಿ ಕಲಿಸಲು ದೇವರು ಅವರ ಮನೆಯಲ್ಲೇ ಒಬ್ಬರನ್ನು ಇಟ್ಟಿರುತ್ತಾನೆ. ನನ್ನ ಪಾಲಿಗೆ ಇಟ್ಟದ್ದು ನನ್ನ ಅತ್ತೆಯನ್ನು. ಹಾಗಾಗಿ ನನ್ನ ಬಾಳಿನಲ್ಲಿ ಇಂಥ ಪ್ರಸಂಗಗಳಿಗೆ ಬರವೇ ಇಲ್ಲ.

ನಾನು ಮಣಿಪಾಲದ ಒಂದು ಮೊಬೈಲ್ ಅಂಗಡಿಯಲ್ಲಿ ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತೇನೆ. ಫಾರಿನ್ ಟೂರ್ ಹೊರಟವರೆಲ್ಲ ಬಂದು ನಿಲ್ಲುವುದು ನನ್ನ ಕೌಂಟರಿನ ಎದುರೇ. "ನೆಟ್ ಇಲ್ಲದಿದ್ದರೂ ನಡೆಯುವ ಮ್ಯಾಪ್, ಭಾಷೆ ತಿರುಗಿಸುವ ಆ್ಯಪ್, ಟ್ಯಾಕ್ಸಿ ಕರೆಸುವ ಆ್ಯಪ್, ಜೊತೆಯವರು ಎಲ್ಲಿದ್ದಾರೆ ಎಂದು ತೋರಿಸುವ ಆ್ಯಪ್. ಇಷ್ಟು ಉಂಟಾ? ಹಾಗಾದರೆ ಕಣ್ಣು ಮುಚ್ಚಿಕೊಂಡು ಹೋಗಿ ಬನ್ನಿ" ಎಂದು ಎಷ್ಟು ಜನರನ್ನು ಕಳಿಸಿದ್ದೇನೋ ಲೆಕ್ಕವಿಲ್ಲ. ನಾನು ಮಾತ್ರ ಬೆಂಗಳೂರಿನ ಆಚೆಗೆ ಕಾಲಿಟ್ಟವಳಲ್ಲ.

ಹೀಗಿರುವಾಗ ಫೋನ್ ಕಂಪನಿಯವರು ಹೆಚ್ಚು ಮಾರಾಟ ಮಾಡಿದವಳೆಂದು ನನಗೆ ಬ್ಯಾಂಕಾಕ್ ಪ್ರವಾಸ ಕೊಟ್ಟರು. ಇಬ್ಬರಿಗೆ ಟಿಕೆಟ್, ಐದು ದಿನ ಹೋಟೆಲು. ಗಂಡ ದೋಣಿಯಲ್ಲಿ ಇಂಜಿನ್ ನೋಡಿಕೊಳ್ಳುವವರು, ಮೀನಿನ ಸೀಸನ್ ಬಿಟ್ಟು ಬರುವ ಹಾಗಿಲ್ಲ. "ಅಮ್ಮನನ್ನು ಕರೆದುಕೊಂಡು ಹೋಗು" ಎಂದರು. ಕಾಪುವಿನಲ್ಲಿ ಮೂವತ್ತು ವರ್ಷ ಮೀನು ಮಾರಿದ ನನ್ನ ಅತ್ತೆ, ನಮ್ಮ ತುಳುವಿನಲ್ಲಿ ನಾನು ಮಾಮಿ ಎನ್ನುತ್ತೇನೆ, ಕೂಡಲೇ ಒಪ್ಪಿದರು. "ಪುಕ್ಕಟೆ ಸಿಕ್ಕಿದ್ದನ್ನು ಬೇಡ ಎಂದರೆ ಮುಂದೆ ಯಾರೂ ಕೊಡುವುದಿಲ್ಲ" ಎಂಬುದು ಅವರ ಸಿದ್ಧಾಂತ.

ಟಿಕೆಟ್ ಆದ ಮೇಲೆ ತಾಪತ್ರಯ ಶುರುವಾಯಿತು. ನಾದಿನಿಗೆ ಹೆಬ್ರಿಯ ಸಂಬಂಧ ಕೂಡಿಬಂತು. ನಿಶ್ಚಿತಾರ್ಥ ಭಾನುವಾರ ಬೆಳಿಗ್ಗೆ ಕಾರ್ಕಳದ ಮದುವೆ ಹಾಲ್‌ನಲ್ಲಿ, ನಮ್ಮ ವಿಮಾನ ಬ್ಯಾಂಕಾಕಿನಿಂದ ಹೊರಡುವುದು ಶನಿವಾರ ಬೆಳಿಗ್ಗೆ. ಹುಡುಗನ ದೊಡ್ಡಮ್ಮ ಕಡ್ಡಿ ಮುರಿದ ಹಾಗೆ ಹೇಳಿದರು: "ಹುಡುಗಿಗೆ ತಂದೆ ಇಲ್ಲ. ಆ ಹೊತ್ತಿಗೆ ತಾಯಿಯೂ ಎದುರಿಗೆ ಇಲ್ಲ ಎಂದಾದರೆ ನಾವು ಎದ್ದು ಹೋಗುವವರೇ." ಗಂಡ ನನ್ನನ್ನು ಬದಿಗೆ ಕರೆದರು. "ನೋಡು, ಅಮ್ಮ ಕಳೆದುಹೋದರೆ ತಂಗಿಯ ಮದುವೆಯೂ ಹೋಯಿತು."

"ಎಂತ ಮಾತು ನಿಮ್ಮದು? ಕೈಯಲ್ಲಿ ಫೋನ್ ಉಂಟಲ್ವಾ?" ಎಂದೆ. ಅದೇ ಜಂಭ, ಇನ್ನೇನು.

ನೆಗಡಿ

ಮೊದಲನೆಯ ದಿನ ಸೋಮವಾರ. ಮೂವತ್ತು ವರ್ಷ ಮೀನು ಮಾರಿದರೂ ಮಾಮಿ ಸೋಮವಾರ ಮೀನು ಮುಟ್ಟುವವರಲ್ಲ. ಅದರಲ್ಲೂ ಮಗಳ ಮದುವೆಯ ಮಾತು ನಡೆಯುತ್ತಿರುವಾಗ ಆ ವ್ರತ ಮುರಿದರೆ ಮುಗಿಯಿತು, ಮುಂದೆ ಎಂತದೇ ಎಡವಟ್ಟಾದರೂ ಅದು ನನ್ನ ತಲೆಗೇ.

ನಾನು ಸಸ್ಯಾಹಾರದ ಹೋಟೆಲು ಹುಡುಕುವ ಆ್ಯಪ್ ತೆಗೆದು, ಹಸಿರು ಎಲೆಯ ಗುರುತು ಇದ್ದ ಒಂದು ಸಣ್ಣ ಹೋಟೆಲಿಗೆ ಕರೆದುಕೊಂಡು ಹೋದೆ. ಮೆನುವಿನ ಮೇಲೆ ಕ್ಯಾಮೆರಾ ಹಿಡಿದೆ. "ತರಕಾರಿ ನೂಡಲ್ಸ್" ಎಂದು ಕನ್ನಡದಲ್ಲೇ ಬಂತು. ಎದೆ ಉಬ್ಬಿಸಿ ಮಾಮಿಗೆ ತೋರಿಸಿದೆ. ತಟ್ಟೆ ಬಂತು. ಮಾಮಿ ಕೈ ಹಾಕಲಿಲ್ಲ, ಮೂಗು ಮಾತ್ರ ಹತ್ತಿರ ತಂದರು.

"ಇದರಲ್ಲಿ ಮೀನು ಉಂಟು."

"ಇಲ್ಲ ಮಾಮಿ, ನೋಡಿ ಇಲ್ಲಿ ಬರೆದಿದೆ."

"ಬೊಳೆಂಜಿರ್. ಉಪ್ಪು ಹಾಕಿ ಕೊಳೆಸಿದ್ದು. ತುಂಬಾ ದಿನದ್ದು."

ಬೊಳೆಂಜಿರ್ ಎಂದರೆ ನಮ್ಮಲ್ಲಿ ಸಿಗುವ ಬೆರಳುದ್ದದ ಸಣ್ಣ ಮೀನು. ನನಗೆ ಸಿಟ್ಟು ಬಂತು. ಎಲ್ಲರೂ ನೋಡುತ್ತಿದ್ದಾರೆ, ಹೊಟ್ಟೆ ಹಸಿದಿದೆ, ಇವರದ್ದೊಂದು ಹಟ. ಅಡುಗೆಯ ಹೆಂಗಸನ್ನು ಕರೆದು ಭಾಷೆ ತಿರುಗಿಸುವ ಆ್ಯಪಿನಲ್ಲಿ ಸ್ಪಷ್ಟವಾದ ಕನ್ನಡದಲ್ಲಿ ಕೇಳಿದೆ: "ಇದರಲ್ಲಿ ಮೀನು ಇದೆಯೇ?" ಆಕೆ ಇಲ್ಲ ಎಂದು ತಲೆಯಾಡಿಸಿದಳು. ಮಾಮಿ ಎದ್ದು ಸೀದಾ ಅಡುಗೆಮನೆಗೆ ನುಗ್ಗಿದರು! ನಾನು "ಮಾಮಿ, ಮಾಮಿ" ಎನ್ನುತ್ತ ಹಿಂದೆ ಓಡುವಷ್ಟರಲ್ಲಿ ಒಲೆಯ ಪಕ್ಕದಿಂದ ಒಂದು ಬಾಟಲಿ ಎತ್ತಿಕೊಂಡು ಬಂದು ನನ್ನ ಮುಂದೆ ಕುಕ್ಕಿದರು. ಬಾಟಲಿಯ ಮೇಲೆ ಇಷ್ಟುದ್ದದ ಮೀನಿನ ಚಿತ್ರ. ನಾಲ್ಕು ಹನಿ ಮೀನಿನ ಸಾಸು ಹಾಕಿದರೆ ಅದನ್ನು ಮೀನು ಎಂದು ಆಕೆ ಎಣಿಸಿಯೇ ಇರಲಿಲ್ಲ, ಪಾಪ.

ಅಂದು ಬಾಳೆಹಣ್ಣು ತಿಂದು ದಿನ ಕಳೆದೆವು. ಸಿಪ್ಪೆ ಸುಲಿಯುತ್ತ ಮಾಮಿ ತಣ್ಣಗೆ ಹೇಳಿದರು: "ನಿನ್ನ ಫೋನಿಗೆ ನೆಗಡಿ ಆಗಿರಬೇಕು ಮಗಾ."

ಖರ್ಚಾಗದ ನೆಟ್

ಮೂರನೆಯ ದಿನ ನದಿಯ ದೋಣಿ ಕಟ್ಟೆಗೆ ಹೋದೆವು. "ಇಲ್ಲೇ ಬೆಂಚಿನಲ್ಲಿ ಕೂತಿರಿ, ಅಲ್ಲಾಡಬೇಡಿ, ಟಿಕೆಟ್ ತರುತ್ತೇನೆ" ಎಂದು ಹೋದೆ. ಬಂದು ನೋಡಿದರೆ ಬೆಂಚು ಖಾಲಿ.

ಆದರೆ ನಾನು ಬರೀ ಸೊಸೆಯಲ್ಲವಲ್ಲ, ಮಣಿಪಾಲದ ಕೌಂಟರಿನವಳು! ಜೊತೆಯವರನ್ನು ತೋರಿಸುವ ಆ್ಯಪ್ ತೆಗೆದೆ. ಮಾಮಿಯ ಚುಕ್ಕೆ ನಮ್ಮ ಹೋಟೆಲಿನಲ್ಲಿ ಕೂತಿತ್ತು. ಇಷ್ಟು ಬೇಗ ಅಲ್ಲಿಗೆ ಹೇಗೆ ಹೋದರು? ಯಾರು ಕರೆದುಕೊಂಡು ಹೋದರು? ಟ್ಯಾಕ್ಸಿ ಹಿಡಿದು ಓಡಿದೆ. ದಾರಿಯುದ್ದಕ್ಕೂ ಹೆಬ್ರಿಯ ದೊಡ್ಡಮ್ಮನ ಮುಖವೇ ಕಣ್ಣೆದುರು. ರೂಮು ನೋಡಿದೆ, ಇಲ್ಲ. ಬಾತ್‌ರೂಮು, ಮೆಟ್ಟಿಲು, ಕೊನೆಗೆ ನಾಚಿಕೆ ಬಿಟ್ಟು ಮಂಚದ ಅಡಿಯನ್ನೂ ನೋಡಿದೆ. ಇಲ್ಲ. ಚುಕ್ಕೆ ಮಾತ್ರ ಅಲ್ಲೇ ಉಂಟು, ರೂಮಿನ ನಡುಮಧ್ಯ!

ಅಳುತ್ತ ದೋಣಿ ಕಟ್ಟೆಗೆ ವಾಪಸು ಬಂದರೆ ಮಾಮಿ ಅದೇ ಬೆಂಚಿನಲ್ಲಿ ಕಾಲು ಚಾಚಿ ಕೂತು ಎಳನೀರು ಕುಡಿಯುತ್ತಿದ್ದಾರೆ. ಅದನ್ನು ತರಲೆಂದು ಎದ್ದು ಹೋದವರು ಐದೇ ನಿಮಿಷದಲ್ಲಿ ಬಂದಿದ್ದರಂತೆ.

"ನಿಮ್ಮ ಫೋನ್ ಎಲ್ಲಿ?" ಎಂದು ಕಿರುಚಿದೆ. ಸೊಂಟದಿಂದ ತೆಗೆದು ಕೊಟ್ಟರು. ನೆಟ್ ಆಫ್. ನಮ್ಮ ಕಡೆಯ ಹಿರಿಯರಿಗೆಲ್ಲ ಇದೊಂದು ರೋಗ. ಹೊರಗೆ ಹೋಗುವಾಗ ಲೈಟು, ಫ್ಯಾನು ಆರಿಸಿದ ಹಾಗೆ ಫೋನಿನ ನೆಟ್ಟನ್ನೂ ಆರಿಸಿಬಿಡುತ್ತಾರೆ. ಮಾಮಿ ಬೆಳಿಗ್ಗೆ ರೂಮಿಗೆ ಬೀಗ ಹಾಕುವಾಗಲೇ ಆರಿಸಿದ್ದರು. ಚುಕ್ಕೆ ಅಲ್ಲೇ ಉಳಿದಿತ್ತು.

"ಸುಮ್ಮನೆ ಖರ್ಚಾಗುತ್ತದಲ್ವಾ?"

"ನೀವು ಕಳೆದುಹೋದರೆ ನಾನು ಎಂತ ಮಾಡಬೇಕು ಮಾಮಿ? ನಿಮ್ಮ ಮಗನಿಗೆ ಏನು ಹೇಳಬೇಕು? ಭಾನುವಾರ ಏನು ಗತಿ?"

"ನಾನು ಎಲ್ಲಿ ಕಳೆದುಹೋದೆ? ನಾನು ಇಲ್ಲೇ ಇದ್ದೆ. ಕಳೆದುಹೋದದ್ದು ನೀನು."

ಮಾರಿಯಮ್ಮನ ಮೇಲೆ ಆಣೆ ಹಾಕಿಸಿಕೊಂಡೆ. ಇನ್ನು ಕಾಪುವಿನ ಮನೆಯ ಹೊಸ್ತಿಲು ದಾಟುವವರೆಗೂ ನೆಟ್ ಆಫ್ ಮಾಡುವಂತಿಲ್ಲ. ಮಾಮಿ ಆಣೆ ಹಾಕಿದರು, ಹಾಕಿದ ಮೇಲೆ ಕೇಳಿದರು: "ಸ್ನಾನಕ್ಕೆ ಹೋಗುವಾಗಲೂ ಬೇಡವಾ?"

ಕೈ ಅಡ್ಡ

ಶನಿವಾರ ಬೆಳಿಗ್ಗೆ ಏರ್‌ಪೋರ್ಟಿಗೆ ಹೊರಡಲು ಟ್ಯಾಕ್ಸಿ ಆ್ಯಪ್ ಒತ್ತಿದೆ. ಎರಡು ನಿಮಿಷ ಎಂದಿತು. ಹತ್ತು ನಿಮಿಷವಾದರೂ ಎರಡೇ ನಿಮಿಷ! ನಾನು ಒತ್ತಿದ್ದ ಗುರುತು ಹೋಟೆಲಿನ ಹಿಂದಿನ ಓಣಿಯಲ್ಲಿ ಬಿದ್ದಿತ್ತು, ಆ ಪುಣ್ಯಾತ್ಮ ಕಾರನ್ನು ಸುತ್ತಿಸುತ್ತಲೇ ಇದ್ದ. ಫೋನ್ ಮಾಡಿದರೆ ಅವನು ಹೇಳಿದ್ದು ನನಗೆ ತಿಳಿಯದು, ನಾನು ಹೇಳಿದ್ದು ಅವನಿಗೆ ತಿಳಿಯದು. ಈ ವಿಮಾನ ತಪ್ಪಿದರೆ ಭಾನುವಾರ ಮುಟ್ಟಿಸುವ ಇನ್ನೊಂದು ವಿಮಾನವಿಲ್ಲ.

"ಕಾರು ಯಾವ ಬಣ್ಣ?" ಮಾಮಿ ಕೇಳಿದರು.

"ಗುಲಾಬಿ. ಆದರೆ ಮಾಮಿ, ನೀವು ಸ್ವಲ್ಪ..."

ಮಾಮಿ ಸೆರಗು ಸೊಂಟಕ್ಕೆ ಸಿಕ್ಕಿಸಿ ರಸ್ತೆಗೆ ಇಳಿದೇಬಿಟ್ಟರು. ಬಲಗೈ ಎತ್ತಿ ಗುಲಾಬಿ ಕಾರೊಂದರ ಎದುರು ನಿಂತರು. ಕಾರು ಕಿರ್ರೆಂದು ನಿಂತಿತು, ಹಿಂದಿನ ನಾಲ್ಕು ಕಾರುಗಳೂ ನಿಂತವು. ಡ್ರೈವರ್ ಹೆದರಿ ಬಿಳುಚಿಕೊಂಡಿದ್ದ. ಮುಂದೆ ಅಂಟಿಸಿದ್ದ ಅವನ ಫೋನಿನಲ್ಲಿ ನನ್ನದೇ ಹೆಸರು! ಇದು ನಾಲ್ಕನೆಯ ಸುತ್ತು ಎಂದು ಬೆರಳು ಮಡಚಿ ತೋರಿಸಿದ.

ಕಾರು ಹತ್ತಿದ ಮೇಲೆ ಕೇಳಿದೆ: "ಮಾಮಿ, ಅವನು ನಿಲ್ಲಿಸದಿದ್ದರೆ?"

"ಮೀನಿನ ಬುಟ್ಟಿ ಕಂಡರೆ ಇನ್ನಷ್ಟು ಸ್ಪೀಡಾಗಿ ಹೋಗುವ ಎಕ್ಸ್‌ಪ್ರೆಸ್ ಬಸ್ಸನ್ನು ಮೂವತ್ತು ವರ್ಷ ನಿಲ್ಲಿಸಿದ್ದೇನೆ. ಇವನೆಂತ ಓಡಿಯಾನು?"

ಚುಕ್ಕೆಯ ಬೆನ್ನು ಹತ್ತಿ

ಏರ್‌ಪೋರ್ಟಿನ ತಪಾಸಣೆಯಲ್ಲಿ ಫೋನು, ಬೆಲ್ಟು, ಬಳೆ ಎಲ್ಲವನ್ನೂ ಟ್ರೇಗೆ ಹಾಕಿಸಿದರು. ಹಿಂದಿನವರು ನೂಕುತ್ತಿದ್ದರು. ಟ್ರೇಯಲ್ಲಿದ್ದದ್ದನ್ನೆಲ್ಲ ಬಾಚಿ ಚೀಲಕ್ಕೆ ಸುರಿದುಕೊಂಡು, ನನ್ನ ಫೋನ್ ಕೈಗೆತ್ತಿಕೊಂಡು ಹೊರಬಂದೆ. ಮಾಮಿ ಟಾಯ್ಲೆಟ್ಟಿಗೆ ಹೋಗಬೇಕೆಂದರು. ಬಾಗಿಲಲ್ಲಿ ಬಿಟ್ಟು, ಗೇಟ್ ನಂಬರ್ ನೋಡಲು ಹೋದೆ. ಬೋರ್ಡಿನಲ್ಲಿ ನಮ್ಮ ವಿಮಾನದ ಮುಂದೆ ಆಗಲೇ ಹತ್ತುವ ಹೊತ್ತು ಎಂದು ಮಿನುಗುತ್ತಿತ್ತು. ಓಡಿ ಬಂದೆ. ಮಾಮಿ ಇಲ್ಲ. ಒಳಗೆ ಹೋಗಿ ಒಂದೊಂದೇ ಬಾಗಿಲು ತಟ್ಟಿದೆ. ಇಲ್ಲ. ಆ ಟಾಯ್ಲೆಟ್ಟಿಗೆ ಆಚೆ ಕಡೆಯಿಂದಲೂ ಬಾಗಿಲಿತ್ತು.

ಇಯರ್‌ಫೋನ್ ಎರಡೂ ಕಿವಿಗೆ ಸಿಕ್ಕಿಸಿ ಕರೆ ಮಾಡಿದೆ. ರಿಂಗಾಗುತ್ತಿದೆ, ಎತ್ತುತ್ತಿಲ್ಲ. ಮತ್ತೆ ಮತ್ತೆ ಕರೆ ಮಾಡುತ್ತಲೇ ಮ್ಯಾಪ್ ತೆಗೆದೆ. ಅಬ್ಬಾ, ಆಣೆ ಮುರಿದಿರಲಿಲ್ಲ! ಮಾಮಿಯ ಚುಕ್ಕೆ ಜೀವಂತ ಇತ್ತು. ಅದೂ ನನ್ನ ಚುಕ್ಕೆಯ ಪಕ್ಕದಲ್ಲೇ, ನಾಲ್ಕು ಹೆಜ್ಜೆ ಮುಂದೆ. ಮುಂದೆ ಹೋದೆ. ಚುಕ್ಕೆಯೂ ಮುಂದೆ ಹೋಯಿತು. ಬಲಕ್ಕೆ ತಿರುಗಿದೆ, ಅದೂ ಬಲಕ್ಕೆ ತಿರುಗಿತು. ಜೋರಾಗಿ ನಡೆದೆ, ಅದೂ ಜೋರು. ಮಂಡಿನೋವಿನ ಹೆಂಗಸು ಇಷ್ಟು ಬೇಗ ಹೇಗೆ ಹೋಗುತ್ತಾರೆ? ಗಾಬರಿಯಾಗಿ ಯಾರದೋ ಹಿಂದೆ ಹೊರಟರೋ ಏನೋ ಎಂದು ಓಡಲು ಶುರು ಮಾಡಿದೆ. ಅತ್ತರಿನ ಅಂಗಡಿ, ಚಾಕಲೇಟಿನ ಅಂಗಡಿ, ಮತ್ತೆ ಅತ್ತರಿನ ಅಂಗಡಿ. ಮೂರು ಸುತ್ತಾಯಿತು. ಬೋರ್ಡಿನಲ್ಲಿ ಕೊನೆಯ ಕರೆ ಎಂದು ಕೆಂಪಗೆ ಬಂತು. ಕಾರ್ಕಳದ ಮದುವೆ ಹಾಲ್, ಸೀರೆ ಉಟ್ಟು ಕೂತ ನಾದಿನಿ, ಎದ್ದು ಹೊರಟ ಹೆಬ್ರಿಯವರು, ಎಲ್ಲ ಕಂಡಿತು. ಅಲ್ಲೇ ನಡುಹಾದಿಯಲ್ಲಿ ಕುಸಿದು ಕೂತು ಗೊಳೋ ಎಂದು ಅತ್ತೆ.

ಬೆನ್ನಿಗೆ ಒಂದು ಬಿತ್ತು. ತಿರುಗಿದರೆ ಮಾಮಿ! ಬೆವರು ಇಳಿಯುತ್ತಿದೆ, ಉಸಿರು ಸಿಗುತ್ತಿಲ್ಲ, ಎರಡೂ ಚಪ್ಪಲಿ ಕೈಯಲ್ಲಿ. ನನ್ನ ಕಿವಿಯಿಂದ ಇಯರ್‌ಫೋನ್ ಕಿತ್ತು ಹಾಕಿದರು.

"ಎಂತ ಹುಚ್ಚು ಹಿಡಿಯಿತು ನಿನಗೆ? ಮೂರು ಸುತ್ತು! ಹಿಂದಿನಿಂದ ಕೂಗುತ್ತಿದ್ದೇನೆ, ಗಂಟಲು ಹರಿಯಿತು. ಗೇಟಿಗೆ ಹೋಗುವುದು ಬಿಟ್ಟು ಅತ್ತರಿನ ಅಂಗಡಿಗೆ ಯಾಕೆ ಪ್ರದಕ್ಷಿಣೆ ಹಾಕುತ್ತಿದ್ದೀ? ಚೀಲದೊಳಗೆ ನನ್ನ ಫೋನ್ ಹೊಡೆದುಕೊಳ್ಳುತ್ತಿದೆ, ಅದಾದರೂ ಕೇಳಬೇಡವಾ?"

ಚೀಲಕ್ಕೆ ಕೈ ಹಾಕಿದೆ. ಟ್ರೇಯಿಂದ ಬಾಚಿಕೊಂಡದ್ದರ ಜೊತೆ ಮಾಮಿಯ ಫೋನೂ ಇತ್ತು. ಇಷ್ಟು ಹೊತ್ತು ನಾನು ಬೆನ್ನಟ್ಟಿದ್ದು ನನ್ನನ್ನೇ! ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮಾಮಿ ಅದಕ್ಕೂ ಪುರುಸೊತ್ತು ಕೊಡದೆ ರಟ್ಟೆ ಹಿಡಿದು ಎಳೆದರು. ಗೇಟಿನವಳು ಹಗ್ಗ ಕಟ್ಟುತ್ತಿದ್ದಳು. ಮಾಮಿ ದೂರದಿಂದಲೇ ಬಲಗೈ ಎತ್ತಿದರು. ಅವಳು ಹೆದರಿ ಹಗ್ಗ ಬಿಚ್ಚಿದಳು.

ಭಾನುವಾರ ಬೆಳಿಗ್ಗೆ ಕಾರ್ಕಳದ ಹಾಲ್‌ನಲ್ಲಿ, ಹುಡುಗನ ದೊಡ್ಡಮ್ಮನ ಎದುರಿಗೇ, ಮಾಮಿ ಜರಿ ಸೀರೆ ಉಟ್ಟು ನಿಂತಿದ್ದರು. ತಾಂಬೂಲ ಬದಲಾಯಿತು. ನನ್ನ ಜೀವ ವಾಪಸು ಬಂತು. ಊಟಕ್ಕೆ ಕೂತಾಗ ಹೆಬ್ರಿಯ ಆ ದೊಡ್ಡಮ್ಮ ಮುಖ ಸೊಟ್ಟ ಮಾಡಿ ಕೇಳಿದರು: "ಪರದೇಶದಲ್ಲಿ ವಯಸ್ಸಾದವರನ್ನು ಸೊಸೆ ಸರಿಯಾಗಿ ನೋಡಿಕೊಂಡಳಾ?"

ಶುಕ್ರವಾರವೇ ಕಡಲಿನಿಂದ ಬಂದಿದ್ದ ನನ್ನ ಗಂಡ ಎಲ್ಲರಿಗೂ ಕೇಳುವ ಹಾಗೆ, ಹೆಮ್ಮೆಯಿಂದ ಹೇಳಿದರು: "ಎಂತ ಕೇಳುತ್ತೀರಿ? ನಾನು ಇಲ್ಲಿಂದಲೇ ಮ್ಯಾಪಿನಲ್ಲಿ ನೋಡುತ್ತಿದ್ದೆ. ಆ ಏರ್‌ಪೋರ್ಟಿನಲ್ಲಿ ಇಬ್ಬರ ಚುಕ್ಕೆಯೂ ಒಟ್ಟಿಗೇ ಉಂಟು. ಇವಳು ಅಮ್ಮನನ್ನು ಒಂದು ಹೆಜ್ಜೆ ಬಿಟ್ಟು ಕದಲಲಿಲ್ಲ!"

ನಾನು ಎಲೆಯ ಮೇಲಿನ ಉಪ್ಪಿನಕಾಯಿ ನೋಡುತ್ತ ಕೂತೆ. ಮಾಮಿ ನನ್ನನ್ನೊಮ್ಮೆ ನೋಡಿದರು. ಆಮೇಲೆ ಪಾಯಸ ಸೊರ್ರನೆ ಹೀರುತ್ತ ಹೇಳಿದರು:

"ಹೌದು ಮಗಾ. ನನ್ನ ಫೋನನ್ನು ಅವಳು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಳು. ಅವಳನ್ನು ನಾನು ನೋಡಿಕೊಂಡೆ."